ಅಂಗೈಗೆ ಬರುವ ರಸ್ತೆಯ ಸುದ್ದಿ: ಆಟದ ಸ್ಟೀರಿಂಗ್ ಕೊಳ್ಳುವ ಮುನ್ನ

ನಮ್ಮ ಸಂಘದ ಬಳಗದಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಪ್ರಶ್ನೆ ಕೇಳಿಬರುತ್ತಿದೆ. ಹಿಂದೆಲ್ಲ ತಂದೆತಾಯಂದಿರು ಮಕ್ಕಳಿಗೆ ಯಾವ ಗಣಕಯಂತ್ರವನ್ನು ಕೊಡಿಸಬೇಕು, ಯಾವ ಕೋಚಿಂಗ್ ತರಗತಿಗೆ ಸೇರಿಸಬೇಕು ಎಂದು ವಿಚಾರಿಸುತ್ತಿದ್ದರು. ಈಗ ಕಾರ್ಯಕ್ರಮ ಮುಗಿದು ಉಪಾಹಾರದ ತಟ್ಟೆ ಹಿಡಿದು ನಿಂತಾಗ, "ಮಗ ಆಟಕ್ಕೆ ಒಂದು ಸ್ಟೀರಿಂಗ್ ಬೇಕೆನ್ನುತ್ತಾನೆ. ಮೂವತ್ತು ಸಾವಿರವಂತೆ. ಅದು ಆಟಿಕೆಯೋ ಯಂತ್ರವೋ ತಿಳಿಯದು" ಎಂದು ಕೇಳುತ್ತಾರೆ. ನನ್ನ ಮಗ ತನ್ನ ಮೊದಲ ವರ್ಷದ ಸಂಬಳದ ಉಳಿತಾಯದಿಂದ ಇಂಥದ್ದೊಂದನ್ನು ತಂದಾಗಿನಿಂದ ನಮ್ಮ ಮನೆಯ ಮೇಜಿನ ಅಂಚಿಗೆ ಅದು ಅಂಟಿಕೊಂಡಿದೆ. ಅವನಿಲ್ಲದ ಹೊತ್ತಿನಲ್ಲಿ ಬ್ಯಾಂಕಿನ ನೌಕರನಾದ ಅವನ ತಂದೆಯೂ ಅದರ ಮುಂದೆ ಕೂರುತ್ತಾನೆಂಬುದು ಬಳಗಕ್ಕೆ ತಿಳಿದ ವಿಷಯ. ಆದ್ದರಿಂದಲೇ ಪ್ರಶ್ನೆ ನನ್ನ ಬಳಿಗೆ ಬರುತ್ತದೆ.

ಅದು ಆಟಿಕೆಯೂ ಹೌದು, ಯಂತ್ರವೂ ಹೌದು. ಕೆಲವು ಬರಿಯ ಆಟಿಕೆಗಳು, ಕೆಲವು ನಿಜವಾದ ಯಂತ್ರಗಳು; ಅಂಗಡಿಯ ಗಾಜಿನ ಹಿಂದೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಕಪ್ಪು ಬಣ್ಣ, ಕೆಂಪು ಪಟ್ಟಿ, ಹತ್ತಿಪ್ಪತ್ತು ಗುಂಡಿಗಳು. ಎರಡಕ್ಕೂ ಇರುವ ಅಂತರವು ಕಣ್ಣಿಗೆ ಕಾಣುವಂಥದ್ದಲ್ಲ, ಕೈಗೆ ಮಾತ್ರ ತಿಳಿಯುವಂಥದ್ದು. ಈ ಒಂದು ಅಂಶವನ್ನು ಅರಿತರೆ ಕೊಳ್ಳುವವರ ಅರ್ಧ ಗೊಂದಲ ಕಳೆಯುತ್ತದೆ ಎಂಬುದು ನನ್ನ ಅನುಭವ.

ಊರಿಗೆ ಹೋಗುವ ರಾತ್ರಿಯ ಬಸ್ಸಿನಲ್ಲಿ ಮುಂದಿನ ಆಸನದಲ್ಲಿ ಕುಳಿತವರು ಚಾಲಕನ ಕೈಗಳನ್ನು ಗಮನಿಸಿರಬಹುದು. ಘಾಟಿಯ ತಿರುವಿನಲ್ಲಿ ಆತ ಚಕ್ರವನ್ನು ತಿರುಗಿಸಿ ಹಿಡಿಯುತ್ತಾನೆ. ತಿರುವು ಮುಗಿಯುತ್ತಿದ್ದಂತೆ ಹಿಡಿತವನ್ನು ಸಡಿಲಿಸುತ್ತಾನೆ. ಚಕ್ರವು ತಾನಾಗಿಯೇ ಅಂಗೈಗಳ ನಡುವೆ ಜಾರುತ್ತ ನೇರ ಸ್ಥಿತಿಗೆ ಮರಳುತ್ತದೆ. ಹಾಗೆ ಮರಳಿಸುವುದು ಟೈರು. ಮುಂದಿನ ಟೈರುಗಳು ರಸ್ತೆಯನ್ನು ಹಿಡಿದುಕೊಂಡಿರುವವರೆಗೆ ಅವು ಚಕ್ರವನ್ನು ನೇರಕ್ಕೆ ಎಳೆಯುತ್ತಲೇ ಇರುತ್ತವೆ, ಆ ಎಳೆತವು ಚಾಲಕನ ತೋಳಿಗೆ ಭಾರವಾಗಿ ತಿಳಿಯುತ್ತದೆ. ಮಳೆಯಲ್ಲಿ ಟೈರು ಹಿಡಿತ ತಪ್ಪುವ ಕ್ಷಣಕ್ಕೆ ತುಸು ಮುಂಚೆ ಆ ಭಾರ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಅನುಭವಿ ಚಾಲಕನಿಗೆ ಅಪಾಯದ ಸೂಚನೆ ಕಣ್ಣಿಗಿಂತ ಮೊದಲು ಅಂಗೈಗೆ ತಲುಪುವುದು ಹೀಗೆ.

ಆಟದ ಸ್ಟೀರಿಂಗಿನಲ್ಲಿ ಟೈರಿಲ್ಲ, ರಸ್ತೆಯಿಲ್ಲ. ಅದಕ್ಕೆ ಬದಲಾಗಿ ಒಳಗೊಂದು ವಿದ್ಯುತ್ ಮೋಟಾರು ಇರುತ್ತದೆ. ಆಟದ ತಂತ್ರಾಂಶವು ಪರದೆಯ ಮೇಲಿನ ಕಾರಿನ ವೇಗ, ಭಾರ, ಟೈರಿನ ಹಿಡಿತ, ರಸ್ತೆಯ ಉಬ್ಬುತಗ್ಗುಗಳನ್ನು ಸೆಕೆಂಡಿಗೆ ನೂರಾರು ಬಾರಿ ಲೆಕ್ಕಹಾಕಿ, ಈ ಕ್ಷಣದಲ್ಲಿ ನಿಜವಾದ ಸ್ಟೀರಿಂಗ್ ಎಷ್ಟು ಬಲದಿಂದ ಯಾವ ಕಡೆಗೆ ಎಳೆಯುತ್ತಿತ್ತೋ ಅಷ್ಟನ್ನು ಎಳೆಯುವಂತೆ ಮೋಟಾರಿಗೆ ಹೇಳುತ್ತದೆ. ಇದನ್ನೇ ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ, ಆಟವು ಆಡುವವನ ಅಂಗೈಗೆ ಕಳಿಸುವ ರಸ್ತೆಯ ಸುದ್ದಿ. ಮೊಬೈಲಿನಂತೆ ಗುಯ್‌ಗುಟ್ಟುವ ಕಂಪನ ಬೇರೆ, ಇದು ಬೇರೆ. ಪೆಟ್ಟಿಗೆಯ ಮೇಲೆ 'ವೈಬ್ರೇಷನ್' ಎಂದಷ್ಟೇ ಬರೆದಿದ್ದರೆ ಒಳಗೆ ಈ ಎಳೆಯುವ ಮೋಟಾರು ಇಲ್ಲವೆಂದೇ ತಿಳಿಯಬೇಕು. ಅಂಥ ಚಕ್ರವನ್ನು ನಡುಸ್ಥಾನಕ್ಕೆ ಮರಳಿಸುವುದು ಬರಿಯ ಸ್ಪ್ರಿಂಗು ಅಥವಾ ರಬ್ಬರಿನ ಹುರಿ. ಕಾರು ನೂರೈವತ್ತರ ವೇಗದಲ್ಲಿರಲಿ, ನಿಂತಿರಲಿ, ಮಂಜಿನ ಮೇಲಿರಲಿ, ಸ್ಪ್ರಿಂಗಿನ ಮಾತು ಒಂದೇ.

ಈ ವಿದ್ಯೆ ತೀರ ಹೊಸದೇನೂ ಅಲ್ಲ. ನಾಣ್ಯ ಹಾಕಿ ಆಡುವ ಆಟದ ಪೆಟ್ಟಿಗೆಗಳಲ್ಲಿ ಸ್ಟೀರಿಂಗ್, ಪೆಡಲುಗಳನ್ನು ಅಮೆರಿಕದ ಅಟಾರಿ ಕಂಪನಿಯು 1974ರಲ್ಲಿಯೇ 'ಗ್ರಾನ್ ಟ್ರಾಕ್ 10' ಎಂಬ ಆಟದೊಡನೆ ತಂದಿತ್ತು. ಜಪಾನಿನ ನಾಮ್ಕೋ ಕಂಪನಿಯ 'ಪೋಲ್ ಪೊಸಿಷನ್' 1982ರದ್ದು. ಕೈಗೆ ಎದುರುಬಲ ಕೊಡುವ ಚಕ್ರವು ಎಂಬತ್ತರ ದಶಕದ ಕೊನೆಯಲ್ಲಿ ಅಟಾರಿಯ 'ಹಾರ್ಡ್ ಡ್ರೈವಿನ್' ಆಟದಲ್ಲಿ ಕಾಣಿಸಿತು. ಮನೆಯ ಮೇಜಿಗೆ ಅದು ಇಳಿದು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. 2001ರಲ್ಲಿ 'ಗ್ರಾನ್ ಟುರಿಸ್ಮೊ 3' ಆಟಕ್ಕಾಗಿ ಲಾಜಿಟೆಕ್ ಕಂಪನಿಯು ಪ್ಲೇಸ್ಟೇಷನ್ 2ಕ್ಕೆ ಹೊಂದುವ ಚಕ್ರವನ್ನು ತಂದಿತು. ಕೆಲವೇ ವರ್ಷಗಳಲ್ಲಿ 900 ಡಿಗ್ರಿ, ಅಂದರೆ ನಿಜವಾದ ಕಾರಿನಂತೆ ಎರಡೂವರೆ ಸುತ್ತು ತಿರುಗುವ ಚಕ್ರಗಳೂ ಬಂದವು. ಅಗ್ಗದ ಚಕ್ರಗಳು ಈಗಲೂ 180, 240 ಅಥವಾ 270 ಡಿಗ್ರಿ ಮಾತ್ರ ತಿರುಗುವುದುಂಟು. ಒಂದು ಸುತ್ತೂ ತಿರುಗದ ಚಕ್ರದಿಂದ ಫಾರ್ಮುಲಾ ಕಾರನ್ನು ಓಡಿಸಬಹುದು; ಸಾಧಾರಣ ಕಾರನ್ನೋ ಲಾರಿಯನ್ನೋ ಸಮಾಧಾನದಿಂದ ನಡೆಸಲಾಗದು. ಕೈ ಒಂದಂಗುಲ ಸರಿದರೆ ಕಾರು ಲೇನು ಬದಲಿಸಿಬಿಡುತ್ತದೆ.

ಮೋಟಾರಿನ ಬಲವು ಚಕ್ರಕ್ಕೆ ತಲುಪುವ ದಾರಿಗಳು ಮೂರು. ಬೆಲೆಯ ವ್ಯತ್ಯಾಸವೆಲ್ಲ ಬಹುಪಾಲು ಇಲ್ಲಿಯೇ ಇದೆ.

ಮೊದಲನೆಯದು ಹಲ್ಲುಚಕ್ರಗಳ ದಾರಿ. 2015ರಲ್ಲಿ ಬಂದ ಲಾಜಿಟೆಕ್ ಜಿ 29 ಮತ್ತು ಜಿ 920 ಇದರ ಪ್ರಸಿದ್ಧ ಉದಾಹರಣೆಗಳು. ಒಳಗೆ ಎರಡು ಮೋಟಾರುಗಳು, ಓರೆ ಹಲ್ಲಿನ ಗೇರುಗಳು. ಗಟ್ಟಿಮುಟ್ಟಾದ ವಸ್ತು, ವರ್ಷಗಟ್ಟಲೆ ಬಾಳುತ್ತದೆ, ಚಕ್ರಕ್ಕೆ ಚರ್ಮದ ಹೊದಿಕೆ, ಪೆಡಲುಗಳು ಲೋಹದವು, ಕ್ಲಚ್ ಸಹ ಜೊತೆಗೇ ಬರುತ್ತದೆ. ಕೊರತೆಯೆಂದರೆ ಹಲ್ಲಿಗೆ ಹಲ್ಲು ತಾಗುವ ಸದ್ದು, ಮತ್ತು ಸೂಕ್ಷ್ಮವಾದ ಸುದ್ದಿಗಳು ಹಲ್ಲುಗಳ ಸಂದಿಯಲ್ಲಿಯೇ ಕಳೆದುಹೋಗುವುದು. ರಸ್ತೆಯಂಚಿನ ಉಬ್ಬುಪಟ್ಟಿಯ ಮೇಲೆ ಹಾದಾಗ ಇದು ಗಡಗಡನೆ ಸದ್ದು ಮಾಡುತ್ತದೆ. 2020ರ ಜಿ 923 ಇದೇ ಕುಲದ್ದು; ಇಂಜಿನಿನ ನಡುಕವನ್ನೂ ಕೈಗೆ ಮುಟ್ಟಿಸುವ ಒಂದು ಹೆಚ್ಚಿನ ಸೌಲಭ್ಯವಿದ್ದರೂ ಅದು ಎಲ್ಲ ಆಟಗಳಲ್ಲಿ ಕೆಲಸ ಮಾಡದು. ಆ ಒಂದು ಸೌಲಭ್ಯಕ್ಕಾಗಿ ಹೆಚ್ಚು ಹಣ ಕೊಡುವುದನ್ನು ನಾನು ಸಮರ್ಥಿಸಲಾರೆ.

ಎರಡನೆಯದು ಬೆಲ್ಟಿನ ದಾರಿ. ಹಳೆಯ ಹೊಲಿಗೆ ಯಂತ್ರದ ಚರ್ಮದ ಪಟ್ಟಿಯನ್ನು ನೆನಪಿಸಿಕೊಂಡರೆ ತತ್ತ್ವ ಅರ್ಥವಾಗುತ್ತದೆ. ಥ್ರಸ್ಟ್‌ಮಾಸ್ಟರ್ ಕಂಪನಿಯು 2014ರಲ್ಲಿ ತಂದ ಟಿ 300 ಆರ್‌ಎಸ್ ಈ ಬಗೆಯದು. 1080 ಡಿಗ್ರಿ, ಅಂದರೆ ಮೂರು ಸುತ್ತು ತಿರುಗುತ್ತದೆ. ಗೇರಿನ ಗಡಗಡವಿಲ್ಲ, ಎಳೆತ ನಯವಾಗಿರುತ್ತದೆ, ಚಕ್ರದ ಸ್ಥಾನವನ್ನು ಅಳೆಯಲು ಸವೆಯುವ ಭಾಗದ ಬದಲು ಅಯಸ್ಕಾಂತದ ಸಂವೇದಕವಿದೆ. ಆದರೆ ಬೆಲ್ಟು ಸ್ವಲ್ಪಮಟ್ಟಿಗೆ ಸುದ್ದಿಯ ಮೊನೆಯನ್ನು ಮೊಂಡು ಮಾಡುತ್ತದೆ. ಇದೇ ಕಂಪನಿಯ ಟಿ 150, ಟಿ 248 ಮುಂತಾದವು ಬೆಲ್ಟು-ಗೇರು ಎರಡನ್ನೂ ಬೆರೆಸಿದ ನಡುದಾರಿಯವು, ಬೆಲೆಯೂ ಹಾಗೆಯೇ.

ಮೂರನೆಯದರಲ್ಲಿ ನಡುವೆ ಏನೂ ಇಲ್ಲ. ಮೋಟಾರಿನ ದಂಡಕ್ಕೆ ನೇರವಾಗಿ ಚಕ್ರವನ್ನು ಕೂರಿಸುತ್ತಾರೆ. ಡೈರೆಕ್ಟ್ ಡ್ರೈವ್ ಎಂದು ಕರೆಯುವ ಈ ಬಗೆ ಹಿಂದೆ ಸ್ಪರ್ಧಾಳುಗಳಿಗೆ, ಹಣವಂತರಿಗೆ ಮಾತ್ರ ಎಟಕುತ್ತಿತ್ತು. 2021ರಲ್ಲಿ ಜರ್ಮನಿಯ ಫೆನಾಟೆಕ್ ಸಂಸ್ಥೆಯು ಸಿಎಸ್‌ಎಲ್ ಡಿಡಿ ಎಂಬುದನ್ನು ಹೊರತಂದ ಮೇಲೆ ಬೆಲೆಯ ಕೋಟೆ ಒಡೆಯಿತು. ಅನಂತರ ಚೀನಾದ ಮೋಝಾ ಕಂಪನಿಯ ಆರ್ 5, ಆರ್ 3 ಬಂದವು. ಲಾಜಿಟೆಕ್ ಮತ್ತು ಥ್ರಸ್ಟ್‌ಮಾಸ್ಟರ್ ಸಹ 2022ರಲ್ಲಿ ಇದೇ ದಾರಿ ಹಿಡಿದವು. ಒಮ್ಮೆ ಇದರ ಮೇಲೆ ಕೈಯಿಟ್ಟವನಿಗೆ ಗೇರಿನ ಚಕ್ರ ಹಿಡಿಸುವುದಿಲ್ಲ ಎಂಬುದು ನಿಜ. ಬಡಾವಣೆಯ ಅಂಗಡಿಯಲ್ಲಿ 'ಸುಮ್ಮನೆ ನೋಡಿ ಸಾರ್' ಎಂದು ಅದನ್ನು ಮುಟ್ಟಿಸುವುದರ ಗುಟ್ಟೂ ಅದೇ.

ಈ ಯಂತ್ರಗಳ ಬಲವನ್ನು ನ್ಯೂಟನ್ ಮೀಟರ್ ಎಂಬ ಮಾನದಲ್ಲಿ ಹೇಳುತ್ತಾರೆ. ನನ್ನಂಥ ಕಲಾ ಪದವೀಧರರಿಗೆ ಅದು ಬರಿಯ ಅಂಕೆ. ಹೀಗೆ ತಿಳಿಯಬಹುದು: ಜಿ 29ರ ಬಲ ಸುಮಾರು 2 ನ್ಯೂಟನ್ ಮೀಟರ್. ಚಕ್ರದ ಅಂಚಿನಲ್ಲಿ ಹಿಡಿದ ಕೈಗೆ ಇದು ಸುಮಾರು ಒಂದೂವರೆ ಕಿಲೋ ತೂಗುಹಾಕಿದಂತೆ. ಸಿಎಸ್‌ಎಲ್ ಡಿಡಿಯದು 5. ಮೂವತ್ತು ಸೆಂಟಿಮೀಟರ್ ಅಗಲದ ಚಕ್ರದ ಅಂಚಿನಲ್ಲಿ ಸುಮಾರು ಮೂರೂವರೆ ಕಿಲೋ. ಹೆಚ್ಚು ಶಕ್ತಿಯ ವಿದ್ಯುತ್ ಅಡಾಪ್ಟರ್ ಕೊಂಡರೆ ಅದು 8ಕ್ಕೆ ಏರುತ್ತದೆ. ಲಾಜಿಟೆಕ್‌ನ ಜಿ ಪ್ರೊ 11, ಅಂದರೆ ಏಳೂವರೆ ಕಿಲೋ. ಏಳೂವರೆ ಕಿಲೋ ಭಾರದ ಚೀಲವನ್ನು ಅರ್ಧ ಗಂಟೆ ಎಡಕ್ಕೂ ಬಲಕ್ಕೂ ಜಗ್ಗಾಡುವುದು ವ್ಯಾಯಾಮವೇ ಸರಿ. ಮನೆಯ ಆಟಕ್ಕೆ 5ರಿಂದ 8 ಧಾರಾಳವಾಯಿತು. ಇಂಥ ಚಕ್ರಗಳು ಪರದೆಯ ಮೇಲೆ ಗೋಡೆಗೆ ಡಿಕ್ಕಿಯಾದಾಗ ರಪ್ಪನೆ ತಿರುಗುವುದುಂಟು. ಹೆಬ್ಬೆರಳನ್ನು ಕಡ್ಡಿಗಳ ನಡುವೆ ತೂರಿಸದೆ ಅಂಚಿನ ಮೇಲೆ ಇಡುವ ಅಭ್ಯಾಸ ಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಲವನ್ನು ತಗ್ಗಿಸಿಯೇ ಇಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಉತ್ತರ ಹುಡುಕಬೇಕಾದ ಪ್ರಶ್ನೆಯೊಂದಿದೆ: ಮಗ ಆಡುವುದು ಯಾವುದರ ಮೇಲೆ? ಪ್ಲೇಸ್ಟೇಷನ್ನೋ, ಎಕ್ಸ್‌ಬಾಕ್ಸೋ, ಗಣಕಯಂತ್ರವೋ? ಸೋನಿ ಮತ್ತು ಮೈಕ್ರೋಸಾಫ್ಟ್ ತಮ್ಮ ಪೆಟ್ಟಿಗೆಗಳಿಗೆ ಬೀಗದಂಥ ವ್ಯವಸ್ಥೆಯನ್ನು ಮಾಡಿವೆ. ಪರವಾನಗಿಯ ಚಿಪ್ ಇಲ್ಲದ ಚಕ್ರವನ್ನು ಅವು ಗುರುತಿಸುವುದೇ ಇಲ್ಲ. ಜಿ 29 ಪ್ಲೇಸ್ಟೇಷನ್‌ಗೆ, ಜಿ 920 ಎಕ್ಸ್‌ಬಾಕ್ಸ್‌ಗೆ. ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಏನೂ ಆಗದು. ಜಿ 923ರಲ್ಲಿ ಹೆಸರು ಒಂದೇ, ಮಾದರಿ ಎರಡು. ಪೆಟ್ಟಿಗೆಯ ಮೇಲಿನ ಗುರುತನ್ನು ಓದಿಯೇ ಹಣ ಕೊಡಬೇಕು. ಥ್ರಸ್ಟ್‌ಮಾಸ್ಟರ್‌ನ ಟಿ 150 ಪ್ಲೇಸ್ಟೇಷನ್‌ಗಾದರೆ ಅದರ ಅವಳಿಯಾದ ಟಿಎಂಎಕ್ಸ್ ಎಕ್ಸ್‌ಬಾಕ್ಸ್‌ಗೆ. ಮೋಝಾ ಆರ್ 5 ಗಣಕಯಂತ್ರಕ್ಕೆ ಮಾತ್ರ. ಫೆನಾಟೆಕ್‌ನಲ್ಲಿ ಇನ್ನೊಂದು ತಿರುವು: ಎಕ್ಸ್‌ಬಾಕ್ಸಿನ ಪರವಾನಗಿ ಮೋಟಾರಿನ ಪೆಟ್ಟಿಗೆಯಲ್ಲಲ್ಲ, ಅದಕ್ಕೆ ಸಿಕ್ಕಿಸುವ ಚಕ್ರದಲ್ಲಿ ಇರುತ್ತದೆ. ಗಣಕಯಂತ್ರ ಮಾತ್ರ ಉದಾರಿ, ಇವೆಲ್ಲವನ್ನೂ ಒಪ್ಪಿಕೊಳ್ಳುತ್ತದೆ. ಡೊಂಬಿವಲಿಯ ಮಿತ್ರರೊಬ್ಬರ ಮನೆಯಲ್ಲಿ, ವಿದೇಶದಿಂದ ಸೋದರಮಾವ ಅಕ್ಕರೆಯಿಂದ ತಂದ ಚಕ್ರವು ಹುಡುಗನ ಪ್ಲೇಸ್ಟೇಷನ್ನಿಗೆ ಹೊಂದದೆ, ಎರಡು ವರ್ಷ ಅಟ್ಟದ ಮೇಲೆ ಅಟ್ಟೆಪೆಟ್ಟಿಗೆಯಲ್ಲಿಯೇ ಕುಳಿತಿತ್ತು. ಮಾವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡನೆಯ ಪ್ರಶ್ನೆ: ಯಾವ ಆಟ? ಎಲ್ಲ ಕಾರಿನ ಆಟಗಳೂ ಚಕ್ರಕ್ಕಾಗಿ ಹುಟ್ಟಿದವಲ್ಲ. ಹುಡುಗರು ಬಹಳ ಇಷ್ಟಪಡುವ 'ಜಿಟಿಎ 5' ಸ್ಟೀರಿಂಗ್ ಚಕ್ರವನ್ನು ಅಧಿಕೃತವಾಗಿ ಒಪ್ಪುವುದೇ ಇಲ್ಲ. ಪೊಲೀಸರಿಂದ ತಪ್ಪಿಸಿಕೊಂಡು ಓಡುವ, ಗಾಳಿಯಲ್ಲಿ ಹಾರುವ ಕಾರುಗಳ ಆಟಗಳಿಗೆ ಕೈಯಲ್ಲಿ ಹಿಡಿಯುವ ಸಾಧಾರಣ ಗೇಮ್‌ಪ್ಯಾಡೇ ಚೆನ್ನ. 'ಗ್ರಾನ್ ಟುರಿಸ್ಮೊ 7', ಇಟಲಿಯವರ 'ಅಸೆಟ್ಟೊ ಕೋರ್ಸಾ', ಅಂತರಜಾಲದಲ್ಲಿ ಸ್ಪರ್ಧೆ ನಡೆಸುವ 'ಐರೇಸಿಂಗ್', ಫಾರ್ಮುಲಾ ಒನ್ ಆಟಗಳು, ಇವುಗಳಲ್ಲಿ ಟೈರಿನ ಲೆಕ್ಕ ನಿಷ್ಠೆಯಿಂದ ನಡೆಯುತ್ತದೆ, ಆದ್ದರಿಂದ ಕೈಗೆ ಬರುವ ಸುದ್ದಿಯೂ ನಿಜವಾಗಿರುತ್ತದೆ. ಸ್ಪರ್ಧೆ ಬೇಡವೆನ್ನುವವರಿಗೆ 2012ರಲ್ಲಿ ಬಂದ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಇದೆ. ಯುರೋಪಿನ ಹೆದ್ದಾರಿಗಳಲ್ಲಿ ಲಾರಿಯಲ್ಲಿ ಸರಕು ತುಂಬಿಕೊಂಡು ನಿಧಾನವಾಗಿ ಹೋಗುವುದಷ್ಟೇ ಕೆಲಸ. ವರ್ಷಾಂತ್ಯದ ಲೆಕ್ಕಪತ್ರ ಮುಗಿಸಿ ಮನೆಗೆ ಬಂದವನಿಗೆ ಅದಕ್ಕಿಂತ ವಿಶ್ರಾಂತಿಯ ಕೆಲಸವಿಲ್ಲ ಎಂಬುದು ನನ್ನ ಅಭಿಪ್ರಾಯ, ಮಗನ ಅಭಿಪ್ರಾಯ ಬೇರೆ.

ಕೊಳ್ಳುವವರು ಚಕ್ರವನ್ನೇ ನೋಡುತ್ತಾರೆ, ಪೆಡಲುಗಳನ್ನು ನೋಡುವವರು ವಿರಳ. ಆದರೆ ವೇಗ ಹೆಚ್ಚುವುದು ಬ್ರೇಕಿನಿಂದ ಎಂಬುದು ವಿರೋಧಾಭಾಸದಂತೆ ಕಂಡರೂ ಸತ್ಯ. ತಿರುವಿನ ಮುನ್ನ ಎಷ್ಟು ಹೊತ್ತು, ಎಷ್ಟು ಬಲವಾಗಿ ಬ್ರೇಕ್ ಒತ್ತಿ, ಹೇಗೆ ಮೆಲ್ಲಗೆ ಬಿಟ್ಟೆವೆಂಬುದರಲ್ಲಿಯೇ ಸ್ಪರ್ಧೆಯ ಗೆಲುವು ಸೋಲು ಅಡಗಿದೆ. ನಿಜವಾದ ಕಾರಿನಲ್ಲಿ ಬ್ರೇಕ್ ಪೆಡಲು ಒಂದು ಹಂತದ ನಂತರ ಹೆಚ್ಚು ಕೆಳಗಿಳಿಯುವುದಿಲ್ಲ; ಕಾಲು ಎಷ್ಟು ಒತ್ತಡ ಹಾಕಿತೆಂಬುದೇ ಮುಖ್ಯ. ಅಗ್ಗದ ಪೆಡಲುಗಳು ಒತ್ತಡವನ್ನು ಅಳೆಯುವುದಿಲ್ಲ, ಪೆಡಲು ಎಷ್ಟು ದೂರ ಇಳಿಯಿತೆಂಬುದನ್ನು ಅಳೆಯುತ್ತವೆ. ನಮ್ಮ ಕಾಲಿಗೆ ದೂರದ ನೆನಪಿಗಿಂತ ಒತ್ತಡದ ನೆನಪು ಚೆನ್ನಾಗಿ ಉಳಿಯುತ್ತದೆ. ಜಿ 29ರಲ್ಲಿ ಪೆಡಲಿನ ಒಳಗೆ ಗಟ್ಟಿ ರಬ್ಬರಿನ ತುಂಡೊಂದನ್ನಿಟ್ಟು ಈ ಕೊರತೆಯನ್ನು ಸ್ವಲ್ಪ ಮುಚ್ಚಿದ್ದಾರೆ. ಮೊದಲ ವಾರ ಅದು ಅತಿ ಬಿರುಸೆನಿಸುತ್ತದೆ, ಅನಂತರ ಅದರ ಪ್ರಯೋಜನ ತಿಳಿಯುತ್ತದೆ. ಒತ್ತಡವನ್ನೇ ಅಳೆಯುವ 'ಲೋಡ್ ಸೆಲ್' ಪೆಡಲುಗಳು ಪ್ರತ್ಯೇಕವಾಗಿ ಸಿಗುತ್ತವೆ. ಅಂಗಡಿಯ ತೂಕದ ಯಂತ್ರದಲ್ಲಿ ಇರುವುದೂ ಇದೇ ಲೋಡ್ ಸೆಲ್. ಕೈಯಲ್ಲಿ ಹೆಚ್ಚುವರಿ ಹಣವಿದ್ದರೆ ದೊಡ್ಡ ಚಕ್ರಕ್ಕಿಂತ ಮೊದಲು ಅದನ್ನು ಒಳ್ಳೆಯ ಬ್ರೇಕಿಗೆ ಹಾಕುವುದು ಉಚಿತ. ಕೈಯಿಂದ ಗೇರು ಹಾಕುವ ಕೋಲು ಬೇಕೆಂಬುದು ಎಲ್ಲ ಹುಡುಗರ ಬಯಕೆ. ಅದೂ ಬಹುತೇಕ ಪ್ರತ್ಯೇಕ ಖರೀದಿ. ಇಂದಿನ ರೇಸ್ ಕಾರುಗಳಲ್ಲಿ ಚಕ್ರದ ಹಿಂದಿನ ಪಟ್ಟಿಗಳನ್ನು ಬೆರಳಿನಿಂದ ಎಳೆದೇ ಗೇರು ಬದಲಿಸುವುದರಿಂದ ಅದಕ್ಕೆ ಅವಸರವಿಲ್ಲ.

ಇನ್ನು ಮನೆಯ ವಿಚಾರ. ಮುಂಬಯಿಯ ಒನ್ ರೂಮ್ ಕಿಚನ್‌ನಲ್ಲಿ ವಾಸಿಸುವವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಪಾಶ್ಚಾತ್ಯರ ಚಿತ್ರಗಳಲ್ಲಿ ಕಾಣುವ ಆಸನಸಹಿತ ಕಬ್ಬಿಣದ ಚೌಕಟ್ಟನ್ನು ಇಡಲು ನಮ್ಮಲ್ಲಿ ಒಂದು ಮಂಚವನ್ನು ಹೊರಹಾಕಬೇಕಾಗುತ್ತದೆ. ಮೇಜಿಗೆ ತಿರುಪಿನಿಂದ ಬಿಗಿಯುವ ಚಕ್ರವೇ ನಮಗೆ ಅನುಕೂಲ. ಆದರೆ ಮೇಜು ಗಟ್ಟಿಯಾಗಿರಬೇಕು. ಮಡಚುವ ಮೇಜು, ತೆಳುವಾದ ಹಲಗೆಯ ಕಂಪ್ಯೂಟರ್ ಮೇಜು, ಗಾಜಿನ ಮೇಜು ಇವು ಯಾವುವೂ ಆಗದು. ಚಕ್ರ ಎಳೆದಾಗ ಮೇಜೇ ಅಲುಗಾಡಿದರೆ ಕೈಗೆ ಬರಬೇಕಾದ ಸುದ್ದಿಯು ಮೇಜಿಗೆ ಹೋಗುತ್ತದೆ. ಬಿಗಿಯುವ ಹಿಡಿಕೆ ಎಷ್ಟು ದಪ್ಪದ ಹಲಗೆಯನ್ನು ಹಿಡಿಯಬಲ್ಲದೆಂದು ಕೇಳಿಕೊಂಡು, ಮನೆಯ ಮೇಜನ್ನು ಅಳತೆಪಟ್ಟಿಯಿಂದ ಅಳೆದುಕೊಂಡು ಹೋಗುವುದು ಕ್ಷೇಮ. 8 ನ್ಯೂಟನ್ ಮೀಟರಿಗಿಂತ ಹೆಚ್ಚಿನವನ್ನು ಮೇಜಿಗೆ ಕಟ್ಟುವ ಸಾಹಸ ಬೇಡ.

ಕುರ್ಚಿಯದು ಇನ್ನೊಂದು ಕಥೆ. ಕಚೇರಿ ಕುರ್ಚಿಗೆ ಗಾಲಿಗಳಿರುತ್ತವೆ. ಬ್ರೇಕನ್ನು ಜೋರಾಗಿ ಒತ್ತಿದೊಡನೆ ಕಾರು ನಿಲ್ಲುವ ಬದಲು ಆಡುವವನೇ ಹಿಂದಕ್ಕೆ ಹೋಗುತ್ತಾನೆ. ಗಾಲಿಗಳನ್ನು ಹಳೆಯ ಬೂಟುಗಳೊಳಗೆ ಇಡುವುದು ಹುಡುಗರು ಕಂಡುಕೊಂಡ ಉಪಾಯ, ನೋಡಲು ವಿಚಿತ್ರವಾದರೂ ಫಲಕಾರಿ. ನಾಲ್ಕು ಕಾಲಿನ ಊಟದ ಕುರ್ಚಿ ಇನ್ನೂ ಮೇಲು. ಪೆಡಲುಗಳು ನುಣುಪಾದ ಟೈಲ್ಸ್ ನೆಲದ ಮೇಲೆ ಜಾರುವುದರಿಂದ ಅವುಗಳ ಬೆನ್ನು ಗೋಡೆಗೆ ತಾಗುವಂತೆ ಮೇಜನ್ನು ಸರಿಸಬೇಕು. ನಡುವೆ ಅಂತರವುಳಿದರೆ ಒಂದು ಮರದ ಹಲಗೆ ತುಂಡು ಸಾಕು. ಪ್ರತಿದಿನ ಬಿಚ್ಚಿ ಕಟ್ಟುವ ಪರಿಸ್ಥಿತಿಯಿದ್ದರೆ ಮಡಚಿಡುವ ಲೋಹದ ಸ್ಟ್ಯಾಂಡ್ ಕೊಳ್ಳುವುದೂ ಒಂದು ದಾರಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕಟ್ಟಲು ಹತ್ತು ನಿಮಿಷ ಬೇಕಾಗುವ ಚಕ್ರವು ಮೂರು ತಿಂಗಳಲ್ಲಿ ಕಪಾಟಿನ ಮೇಲಕ್ಕೆ ಏರುತ್ತದೆ. ಬಳಗದಲ್ಲಿ ನಾನು ಕಂಡ ಚಕ್ರಗಳು ಮೂಲೆ ಸೇರಿದ್ದು ಕೆಟ್ಟುಹೋಗಿ ಅಲ್ಲ, ಬಿಚ್ಚಿ ಕಟ್ಟುವ ಬೇಸರದಿಂದ.

ಕೆಳಗಿನ ಮನೆಯವರನ್ನೂ ನೆನೆಯಬೇಕು. ಹಲ್ಲುಚಕ್ರದ ಗಡಗಡ, ಬ್ರೇಕಿನ ಧಡಲ್ ಎಂಬ ಒದೆತ ಇವು ಮೇಜಿನ ಕಾಲಿನ ಮೂಲಕ ನೆಲಕ್ಕಿಳಿದು ಅವರ ಛಾವಣಿಯಲ್ಲಿ ಕೇಳಿಸುತ್ತವೆ. ಇಯರ್‌ಫೋನ್ ಹಾಕಿಕೊಂಡ ಹುಡುಗನಿಗೆ ಅದರ ಅರಿವೇ ಇರುವುದಿಲ್ಲ. ರಬ್ಬರಿನ ಹಾಸು ಅಥವಾ ದಪ್ಪ ಚಾಪೆ ಹಾಕಬೇಕು, ರಾತ್ರಿ ಹತ್ತರ ನಂತರ ನಿಲ್ಲಿಸಬೇಕು. ಸೊಸೈಟಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದ ಕಟ್ಟಡವೊಂದು ನನಗೆ ಗೊತ್ತು.

ಹಣದ ಮಾತು. ಮೋಟಾರಿಲ್ಲದ ಚಕ್ರಗಳು ಹತ್ತು ಸಾವಿರದೊಳಗೆ ದೊರೆಯುತ್ತವೆ. ಏಳೆಂಟು ವರ್ಷದ ಮಗುವಿನ ಆಟಕ್ಕೆ ಅವು ಸಾಕು. ಹದಿನಾರರ ಹುಡುಗ ಎರಡೇ ತಿಂಗಳಲ್ಲಿ ಅದನ್ನು ಮೂಲೆಗಿಟ್ಟು ಮತ್ತೆ ಕೇಳುತ್ತಾನೆ. ಅವನಿಗೆ ಅದನ್ನು ಕೊಡಿಸುವುದಕ್ಕಿಂತ ಇನ್ನೊಂದು ವರ್ಷ ಗೇಮ್‌ಪ್ಯಾಡಿನಲ್ಲಿಯೇ ಆಡು ಎನ್ನುವುದು ಮೇಲು. ಲಾಜಿಟೆಕ್, ಥ್ರಸ್ಟ್‌ಮಾಸ್ಟರ್‌ಗಳ ಗೇರು ಮತ್ತು ಬೆಲ್ಟಿನ ಚಕ್ರಗಳು ಮಾದರಿಗೆ ತಕ್ಕಂತೆ ಇಪ್ಪತ್ತು ಸಾವಿರದಿಂದ ನಲವತ್ತು ಸಾವಿರದ ಆಸುಪಾಸು, ಹಬ್ಬದ ರಿಯಾಯಿತಿಯಲ್ಲಿ ಕೆಲವು ಸಾವಿರ ಇಳಿಯುವುದುಂಟು. ಡೈರೆಕ್ಟ್ ಡ್ರೈವ್ ಅದಕ್ಕೂ ಮೇಲೆ. ಅದರಲ್ಲಿ ಮೋಟಾರು, ಚಕ್ರ, ಪೆಡಲು ಬೇರೆಬೇರೆಯಾಗಿ ಮಾರುವುದರಿಂದ ಜಾಹೀರಾತಿನ ಬೆಲೆಯನ್ನು ನೋಡಿ ಮೋಸಹೋಗಬಾರದು, ಒಟ್ಟು ಕೂಡಿಸಿ ನೋಡಬೇಕು.

ಕಂತಿನಲ್ಲಿ ಕೊಳ್ಳುವವರಿಗೆ ನನ್ನ ವೃತ್ತಿಯ ಕಡೆಯಿಂದ ಒಂದು ಮಾತು. 'ನೋ ಕಾಸ್ಟ್ ಇಎಂಐ' ಎಂದರೆ ಬ್ಯಾಂಕು ಬಡ್ಡಿ ಬಿಟ್ಟಿದೆ ಎಂದಲ್ಲ. ಬಡ್ಡಿಯಷ್ಟೇ ಮೊತ್ತವನ್ನು ಮಾರಾಟಗಾರನು ರಿಯಾಯಿತಿಯಾಗಿ ಕಳೆಯುತ್ತಾನೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಕೆಲವೊಮ್ಮೆ ಸಂಸ್ಕರಣಾ ಶುಲ್ಕ, ಗ್ರಾಹಕನ ತಲೆಗೇ ಬರುತ್ತವೆ. ಒಂದೇ ಸಲ ಹಣ ಕೊಟ್ಟರೆ ಇನ್ನೆಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಹೊರದೇಶದಿಂದ ಬಂಧುಗಳ ಕೈಯಲ್ಲಿ ತರಿಸುವಾಗ ಅಡಾಪ್ಟರ್ ಅಥವಾ ಯಂತ್ರದ ಮೇಲೆ ನಮ್ಮ 230 ವೋಲ್ಟ್ ವಿದ್ಯುತ್ತಿಗೆ ಹೊಂದುವ ನಮೂದು ಇದೆಯೇ ಎಂದು ನೋಡಿಸಬೇಕು. ಅಲ್ಲಿಯ ವಾರಂಟಿ ಇಲ್ಲಿ ನಡೆಯದಿರಬಹುದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫೆನಾಟೆಕ್‌ನ ಮಾತೃಸಂಸ್ಥೆಯಾದ ಎಂಡೋರ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಗಿ, ಅದೇ ವರ್ಷ ಅಮೆರಿಕದ ಕೋರ್ಸೇರ್ ಕಂಪನಿಯು ಆ ವ್ಯವಹಾರವನ್ನು ಕೊಂಡಿತು. ದೊಡ್ಡ ಹೆಸರಿನ ವಸ್ತುವಿಗೂ ಬಿಡಿಭಾಗ, ದುರಸ್ತಿ ಎಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸುವುದು ಅಗತ್ಯವೆಂಬುದಕ್ಕೆ ಈ ಉದಾಹರಣೆ ಸಾಕು.

ಹುಡುಗರು ಮನೆಯಲ್ಲಿ ಮುಂದಿಡುವ ವಾದವೊಂದಿದೆ: ಇದರಿಂದ ನಿಜವಾದ ರೇಸ್ ಚಾಲಕರಾದವರಿದ್ದಾರೆ. ಸುಳ್ಳಲ್ಲ. ನಿಸ್ಸಾನ್ ಮತ್ತು ಪ್ಲೇಸ್ಟೇಷನ್ ಸೇರಿ ನಡೆಸುತ್ತಿದ್ದ ಜಿಟಿ ಅಕಾಡೆಮಿ ಸ್ಪರ್ಧೆಯನ್ನು 2011ರಲ್ಲಿ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ 2013ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಭಾಗವಹಿಸಿದರು. 2023ರ ಚಲನಚಿತ್ರ ಅವರ ಕಥೆಯೇ. ಆದರೆ ಲಕ್ಷಾಂತರ ಆಟಗಾರರಲ್ಲಿ ಹಾಗೆ ಹೊರಬಂದವರನ್ನು ಬೆರಳೆಣಿಸಿ ಹೇಳಬಹುದು. ಇನ್ನು ಚಕ್ರ ಹಿಡಿದು ಅಭ್ಯಾಸವಾದವನಿಗೆ ಮುಂಬಯಿಯ ರಸ್ತೆಯಲ್ಲಿ ಕಾರು ನಡೆಸಲು ಬಂದೀತೆಂಬ ಭ್ರಮೆಯೂ ಬೇಡ. ತಿರುವಿನಲ್ಲಿ ಕಣ್ಣು ಎಲ್ಲಿರಬೇಕು, ಜಾರುವಾಗ ಕೈ ಹೇಗಿರಬೇಕು ಎಂಬುದನ್ನು ಇದು ಕಲಿಸುತ್ತದೆ. ಎದುರಿಗೆ ದಿಢೀರನೆ ತಿರುಗುವ ರಿಕ್ಷಾವನ್ನೋ ರಸ್ತೆ ದಾಟುವ ಅಜ್ಜಿಯನ್ನೋ ಯಾವ ಆಟವೂ ಕಲಿಸದು. ಹದಿನೆಂಟು ತುಂಬಿ ಪರವಾನಗಿ ಪಡೆದೇ ಆ ಪಾಠ.

ಮನೆಗೆ ತಂದ ಮೇಲೆ ಮೊದಲ ಎರಡು ವಾರ ಗೇಮ್‌ಪ್ಯಾಡಿಗಿಂತ ನಿಧಾನವೇ ಆಗುತ್ತದೆ. ಹಣ ವ್ಯರ್ಥವಾಯಿತೆಂದು ಹುಡುಗನೂ ಅಪ್ಪನೂ ಮುಖ ಮುಖ ನೋಡಿಕೊಳ್ಳುವುದು ಆಗಲೇ. ಗಾಬರಿಯಾಗಬೇಕಿಲ್ಲ. ಆಟದಲ್ಲಿ ಮೊದಲು ಕಡಿಮೆ ಶಕ್ತಿಯ ಸಾಧಾರಣ ಕಾರನ್ನು ಆರಿಸಿ, ಒಂದೇ ರೇಸ್‌ಟ್ರ್ಯಾಕಿನಲ್ಲಿ ಪದೇಪದೇ ಸುತ್ತಬೇಕು. ಫೋರ್ಸ್ ಫೀಡ್‌ಬ್ಯಾಕಿನ ಬಲವನ್ನು ಗರಿಷ್ಠಕ್ಕೆ ಏರಿಸಬಾರದು. ಗಣೇಶೋತ್ಸವದ ಧ್ವನಿವರ್ಧಕವನ್ನು ಪೂರ್ತಿ ಏರಿಸಿದಾಗ ಹಾಡಿನ ಪದಗಳು ಹೇಗೆ ಬರಿಯ ಕರ್ಕಶ ಸದ್ದಾಗುತ್ತವೆಯೋ ಹಾಗೆ, ಮೋಟಾರು ತನ್ನ ಮಿತಿಯನ್ನು ಮುಟ್ಟಿದ ಮೇಲೆ ದೊಡ್ಡ ಎಳೆತಕ್ಕೂ ಅತಿದೊಡ್ಡ ಎಳೆತಕ್ಕೂ ವ್ಯತ್ಯಾಸ ತಿಳಿಯದು. ನಮ್ಮಲ್ಲಿ ನೂರಕ್ಕೆ ಅರವತ್ತೈದರಲ್ಲಿಟ್ಟಾಗ ರಸ್ತೆಯ ಗೀರುಗಳೂ ಕೈಗೆ ತಿಳಿಯತೊಡಗಿದವು.

ಹಳೆಯದನ್ನು ಕೊಳ್ಳುವುದೂ ಕೆಟ್ಟ ಆಲೋಚನೆಯಲ್ಲ. ಬಳಸದೆ ಬಿಟ್ಟವರು ಬಹಳ ಮಂದಿ ಇರುವುದರಿಂದ ಒಳ್ಳೆಯ ಸ್ಥಿತಿಯವೂ ಸಿಗುತ್ತವೆ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಾಗಲಿ, ಮಾರುವವರ ಮನೆಯಲ್ಲಾಗಲಿ, ವಿದ್ಯುತ್ ಕೊಟ್ಟು ತೋರಿಸಿ ಎನ್ನಬೇಕು. ಗೇರಿನ ಅಥವಾ ಬೆಲ್ಟಿನ ಚಕ್ರವಾದರೆ ಸಂಪರ್ಕ ಕೊಟ್ಟೊಡನೆ ಅದು ತಾನಾಗಿಯೇ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿ ನಡುವಿಗೆ ಬಂದು ನಿಲ್ಲಬೇಕು. ನಡುವಿಗೆ ಬಾರದೆ ಓರೆಯಾಗಿ ನಿಂತರೆ ಅಳೆಯುವ ಭಾಗದಲ್ಲಿ ದೋಷವಿದೆ. ಚಕ್ರವನ್ನು ನಡುವಿನಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ, ಸಡಿಲವೆಷ್ಟಿದೆ ನೋಡಬೇಕು. ಕೊನೆಗೆ ಒಂದೊಂದೇ ಪೆಡಲನ್ನು ನಿಧಾನವಾಗಿ ಒತ್ತುತ್ತ ಪರದೆಯ ಮೇಲಿನ ಪಟ್ಟಿಯನ್ನು ಗಮನಿಸಬೇಕು. ಪಟ್ಟಿ ಏರುತ್ತ ಏರುತ್ತ ನಡುವೆ ಜಿಗಿದರೆ ಒಳಗಿನ ಅಳತೆಯ ಭಾಗದಲ್ಲಿ ಧೂಳು ಸೇರಿದೆಯೆಂದರ್ಥ. ಬಹುಮಟ್ಟಿಗೆ ಅದು ಶುಚಿಗೊಳಿಸಿದರೆ ಸರಿಹೋಗುವಂಥದ್ದು, ಬೆಲೆಯಲ್ಲಿ ಸಾವಿರ ಎರಡು ಸಾವಿರ ಇಳಿಸಿ ಕೇಳಲು ಒಳ್ಳೆಯ ಕಾರಣವೂ ಹೌದು.